ಜಿ ಸ್ಟ್ಯಾಂಡಿನ ಚರಗ

ನಾಚಾರಂ ಕಡೆ ಯಾರನ್ನೇ ದಾರಿ ಕೇಳಿ, ಸ್ಟೇಡಿಯಂ ಹತ್ತಿರ ಬಲಕ್ಕೆ ತಿರುಗಿ ಎನ್ನುತ್ತಾರೆ. ಯಾವ ಸ್ಟೇಡಿಯಂ, ಅಲ್ಲಿ ಆಡುವವರು ಯಾರು ಎಂದು ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ. ಒಂದು ಕಾಲಕ್ಕೆ ಅಲ್ಲಿ ಮೂಸಿ ರೋವರ್ಸ್ ಎಂಬ ಫುಟ್‌ಬಾಲ್ ತಂಡವಿತ್ತು. ಸಂಬಳ ತೆಗೆದುಕೊಂಡು ಆಡುವ ಆಟಗಾರರು, ಗೋವಾದಿಂದ ಬಂದ ಕೋಚು, ನೀಲಿ ಬಣ್ಣದ ಬಸ್ಸು ಎಲ್ಲ ಇತ್ತು. ಭಾನುವಾರ ಸಂಜೆ ಆ ರಸ್ತೆಯಲ್ಲಿ ಆಟೋ ಮುಂದೆ ಹೋಗುತ್ತಿರಲಿಲ್ಲ. ಈಗ ಬಲಕ್ಕೆ ತಿರುಗುವುದಕ್ಕೊಂದು ಗುರುತಾಗಿ ಮಾತ್ರ ಅದು ಉಳಿದಿದೆ. ಇದು ನನಗೆ ಸಿಟ್ಟು ತರಿಸುತ್ತದೆ. ಸಿಟ್ಟು ಬರುವುದಕ್ಕೆ ನನಗೆ ದೊಡ್ಡ ಕಾರಣವೇನೂ ಬೇಕಾಗಿಲ್ಲ ಎಂದು ನನ್ನ ಹೆಂಡತಿ ಶಿವದೇವಿ ಹೇಳುತ್ತಿದ್ದಳು. ಅವಳು ಹೇಳಿದ್ದು ನಿಜ.

ನನ್ನ ಹೆಸರು ವೈಜನಾಥ, ಅಫಜಲಪುರದ ಕಡೆಯವನು. ಬೇಗಂ ಬಜಾರಿನ ಒಂದು ಸಗಟು ಕಿರಾಣಿ ಅಂಗಡಿಯಲ್ಲಿ ಗುಮಾಸ್ತನಾಗಿ ಸೇರಿ ಕೂದಲು ಬೆಳ್ಳಗಾಗುವವರೆಗೂ ಅಲ್ಲೇ ಇದ್ದೆ. ದೇವರು ನನಗೆ ರೂಪ ಕೊಡಲಿಲ್ಲ, ದನಿ ಕೊಟ್ಟ. ಅಂಗಡಿಯ ಕಟ್ಟೆ ಮೇಲೆ ನಿಂತು ಕೂಗಿದರೆ ಗಲ್ಲಿಯ ಆ ತುದಿಯ ಹಮಾಲರು ತಿರುಗಿ ನೋಡಬೇಕು. ಒಂದೇ ಉಸಿರಿನಲ್ಲಿ ಒಬ್ಬನಿಗೆ ತೆಲುಗಿನಲ್ಲಿ, ಇನ್ನೊಬ್ಬನಿಗೆ ಉರ್ದುವಿನಲ್ಲಿ, ಮತ್ತೊಬ್ಬನಿಗೆ ಕನ್ನಡದಲ್ಲಿ ಬೈಯುತ್ತಿದ್ದೆ. ರೋವರ್ಸ್ ತಂಡದ ಮ್ಯಾನೇಜರ್ ಆಟಗಾರರಿಗೆಂದು ಕಡಲೆ, ಬೆಲ್ಲ ಕೊಳ್ಳಲು ಬಂದವನು ಇದನ್ನು ಕೇಳಿ, ಭಾನುವಾರ ಮೈಕಿನ ಮುಂದೆ ಕೂರುತ್ತೀರಾ ಎಂದ. ಫುಟ್‌ಬಾಲ್ ಎಂದರೆ ಏನೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ, ಹೂಂ ಅಂದೆ.

ಮೈಕಿನ ಕೋಣೆ ಇದ್ದದ್ದು ದೊಡ್ಡ ಸ್ಟ್ಯಾಂಡಿನ ನೆತ್ತಿಯಲ್ಲಿ, ಗಾಜಿನ ಹಿಂದೆ. ಎದುರಿಗೆ, ಮೈದಾನದ ಆಚೆ ಬದಿಗೆ ಜಿ ಸ್ಟ್ಯಾಂಡ್. ಅದಕ್ಕೆ ನೆರಳಿಲ್ಲ, ಕುರ್ಚಿಯಿಲ್ಲ, ಬರೀ ಸಿಮೆಂಟಿನ ಮೆಟ್ಟಿಲು. ಸುತ್ತಲಿನ ಶೆಡ್ಡು, ಅಪಾರ್ಟ್‌ಮೆಂಟು ಕಟ್ಟಲು ಬಂದ ನಮ್ಮ ಕಲಬುರಗಿ, ಯಾದಗಿರಿ ಕಡೆಯ ಕೂಲಿ ಜನ, ಮಹಬೂಬ್‌ನಗರದ ತೆಲುಗು ಜನ ಹೆಂಡಿರು ಮಕ್ಕಳೊಡನೆ ಅಲ್ಲಿ ಬಂದು ಕೂರುತ್ತಿದ್ದರು. ನನಗೆ ಕೊಟ್ಟ ಪಾಸಿನಲ್ಲಿ ಶಿವದೇವಿ ನೆರಳಿನ ಕುರ್ಚಿಯಲ್ಲಿ ಕೂರಬಹುದಿತ್ತು. ಒಂದೇ ದಿನ ಕೂತಳು. ಸಾಹೇಬರ ಹೆಂಡಂದಿರ ನಡುವೆ ಉಸಿರು ಕಟ್ಟುತ್ತದೆ ಎಂದು ಮರುವಾರದಿಂದ ರೊಟ್ಟಿ, ಶೇಂಗಾ ಚಟ್ನಿಯ ಗಂಟು ಹಿಡಿದು ಜಿ ಸ್ಟ್ಯಾಂಡಿಗೆ ಹೋದಳು. ಆಟ ಮುಗಿದ ಮೇಲೆ ಗೇಟಿನ ಹತ್ತಿರ ಸೇರಿ ಒಟ್ಟಿಗೆ ಮನೆಗೆ ಬರುತ್ತಿದ್ದೆವು. ಅಲ್ಲಿ ಯಾರ ಪಕ್ಕ ಕೂತಿದ್ದೆ, ಏನು ಮಾಡಿದೆ ಎಂದು ನಾನು ಕೇಳಿದವನಲ್ಲ. ಗಾಜಿನ ಹಿಂದಿನಿಂದ ಆ ಸ್ಟ್ಯಾಂಡಿನ ಜನ ನನಗೆ ಬಣ್ಣದ ಚುಕ್ಕೆಗಳು, ಅಷ್ಟೇ.

ಎಳ್ಳ ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಮನೆಯಲ್ಲಿ ಕೂತು ಉಣ್ಣುವುದಿಲ್ಲ. ಸಜ್ಜೆ ಕಡಬು, ಸೊಪ್ಪು ಕಾಳು ಬೇಯಿಸಿದ ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ ಎಲ್ಲ ಕಟ್ಟಿಕೊಂಡು ಹೊಲಕ್ಕೆ ಹೋಗಬೇಕು. ಐದು ಕಲ್ಲು ಇಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜೆ ಮಾಡಬೇಕು. ಆಮೇಲೆ ಅಡಿಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿ ಹೊಲದ ಸುತ್ತ ಚೆಲ್ಲುತ್ತ ಬರಬೇಕು, ಅದೇ ಚರಗ. ಬೆಳೆ ಹೊತ್ತ ಭೂಮಿತಾಯಿ ಬಸುರಿ, ಅವಳಿಗಿದು ಬಯಕೆಯೂಟ. ಮುಂದೆ ಚೆಲ್ಲುವವನು "ಹುಲ್ಲುಲ್ಲಿಗೋ" ಎಂದು ಕೂಗುತ್ತಾನೆ, ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ಬರುವವರು "ಚಲ್ಲಾಂಬ್ರಿಗೋ" ಎಂದು ಓಗೊಡುತ್ತಾರೆ. ಇದರ ಅರ್ಥ ನನ್ನನ್ನು ಕೇಳಬೇಡಿ, ಊರಿಗೊಬ್ಬರು ಒಂದೊಂದು ಹೇಳುತ್ತಾರೆ. ಒಂದು ಮಾತ್ರ ಗೊತ್ತು. ಕೂಗಿದವನೇ ಓಗೊಡುವಂತಿಲ್ಲ, ಯಾರೂ ಓಗೊಡದ ಚರಗ ತಾಯಿಗೆ ಮುಟ್ಟುವುದಿಲ್ಲ. ನಮ್ಮ ಮನೆಯಲ್ಲಿ ಇದು ಅಜ್ಜನ ಕಾಲದಿಂದ ಬಂದ ನಿಯಮ.

ಊರಿನ ಹೊಲ ತಮ್ಮನ ಪಾಲಿಗೆ ಹೋಗಿತ್ತು. ಆದರೂ ಪ್ರತಿವರ್ಷ ಅಮಾವಾಸ್ಯೆಗೆ ಬಸ್ಸು ಹತ್ತುತ್ತಿದ್ದೆವು. ಒಂದು ವರ್ಷ ಅಮಾವಾಸ್ಯೆ ಭಾನುವಾರವೇ ಬಿತ್ತು, ಅಂದೇ ಕೋಲ್ಕತ್ತದ ತಂಡದೊಡನೆ ಆಟ. ಮ್ಯಾನೇಜರ್ ರಜೆ ಕೊಡಲಿಲ್ಲ. ನಾನು ಎಲ್ಲರ ಮೇಲೂ ಹರಿಹಾಯುತ್ತ ಕೂತಿದ್ದಾಗ ಶಿವದೇವಿ ಸುಮ್ಮನೆ ಎಲ್ಲ ಅಡಿಗೆ ಮಾಡಿ ಬುಟ್ಟಿಗೆ ತುಂಬಿದಳು. ಸ್ಟೇಡಿಯಮ್ಮಿನಲ್ಲೇ ಚರಗ ಚೆಲ್ಲೋಣ ಎಂದಳು. ಕಂಡವರ ಮೈದಾನದಲ್ಲಿ ಚರಗವೇ, ಜನ ನಗುತ್ತಾರೆ ಎಂದು ನಾನು ರೇಗಿದೆ.

"ಮಣ್ಣು ಯಾರ ಹೆಸರಿನಾಗ ಇದ್ದರ ಏನ್ರೀ? ಹುಲ್ಲು ಹುಟ್ಟತೈತಿಲ್ಲೋ? ಹುಲ್ಲು ಹುಟ್ಟೂ ನೆಲ ಅಂದರ ಅದೂ ಬಸುರಿನೇ" ಎಂದಳು.

ಹುಲ್ಲು ನೋಡಿಕೊಳ್ಳುವ ಮಾಲಿಯನ್ನು ಕೇಳಿ, ಜಿ ಸ್ಟ್ಯಾಂಡಿನ ಪಕ್ಕದ ಗೋಲಿನ ಹಿಂದೆ ಐದು ಕಲ್ಲು ನೆಟ್ಟಳು. ಮೈದಾನಕ್ಕೆ ಗೆರೆ ಹಾಕುವ ಸುಣ್ಣವನ್ನೇ ಬಳಿದಳು. ಬೆಳಿಗ್ಗೆ ಆಟಗಾರರು ಓಡಾಡುತ್ತಿದ್ದಾಗ ನಾನು ನಾಚಿಕೆಯಿಂದ ತಲೆ ತಗ್ಗಿಸಿ, ಗೊಣಗಿದ ಹಾಗೆ ಕೂಗಿ ಚರಗ ಮುಗಿಸಿದೆ. ಹಾಗೆ ಕೂಗಿದ್ದು ಕೂಗಿದಂತಾಗಲಿಲ್ಲ, ಗಂಟಲಿನಲ್ಲೇ ಸಿಕ್ಕಿಕೊಂಡು ಉಳಿಯಿತು.

ಸಂಜೆ ಆಟ ಮುಗಿಯುವ ಹೊತ್ತಿಗೆ ನಮ್ಮವರು ಗೋಲು ಹೊಡೆದರು. ಹೊಡೆದವನ ಹೆಸರನ್ನು ಮೈಕಿನಲ್ಲಿ ಹೇಳಬೇಕಾದ ನಾನು ಬಾಯಿ ತೆರೆದೆ. ಬಂದದ್ದು ಹೆಸರಲ್ಲ. ಬೆಳಿಗ್ಗೆ ಸಿಕ್ಕಿಕೊಂಡಿದ್ದ "ಹುಲ್ಲುಲ್ಲಿಗೋ" ಎದೆಯ ತಳದಿಂದ ಕಿತ್ತು ಬಂತು. ಪಕ್ಕದಲ್ಲಿದ್ದ ಮ್ಯಾನೇಜರ್ ನನ್ನ ಮುಖ ನೋಡಿದ. ಕೆಲಸ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಎದುರಿನ ಜಿ ಸ್ಟ್ಯಾಂಡಿನಿಂದ "ಚಲ್ಲಾಂಬ್ರಿಗೋ" ಎಂದು ಇಡೀ ಮೆಟ್ಟಿಲೇ ಎದ್ದು ಬಂದ ಹಾಗೆ ಓಗೊಟ್ಟರು. ಮುಂದಿನ ಆಟಕ್ಕೆ ತೆಲುಗಿನವರೂ ಹೇಳಿದರು, ಅದರ ಮುಂದಿನದಕ್ಕೆ ನೆರಳಿನ ಕುರ್ಚಿಯವರೂ ಹೇಳಿದರು. ಅದು ನಮ್ಮ ಹೊಲದ ಕೂಗು ಎಂದು ನಮ್ಮ ಕಡೆಯವರಲ್ಲದ ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಅದು ರೋವರ್ಸ್ ಕೂಗು. ಗೋಲು ಬಿದ್ದಾಗಲೆಲ್ಲ ನಾನು ಮೊದಲರ್ಧ ಕೂಗುವುದು, ಅವರು ಉಳಿದರ್ಧ ಹೇಳುವುದು, ಹೀಗೇ ನಡೆಯಿತು.

ನನಗೆ ಒಂದೇ ಒಂದು ಸಂಗತಿ ಸರಿ ಬರಲಿಲ್ಲ. ಎಲ್ಲಿಂದಲೋ ಅದಕ್ಕೆ ಚಪ್ಪಾಳೆ ಸೇರಿಕೊಂಡಿತು. ಓಗೊಟ್ಟ ಕೂಡಲೇ ಟಪ್, ಟಪ್, ಟಪ್ ಎಂದು ಮೂರು ಸಲ. ಚರಗಕ್ಕೆ ಚಪ್ಪಾಳೆ ಹೊಡೆಯುವುದನ್ನು ಯಾರಾದರೂ ಕೇಳಿದ್ದೀರಾ? ಅದೇನು ಭಜನೆಯೇ, ನಾಟಕವೇ? ಪ್ರತಿ ಭಾನುವಾರ ಮನೆಗೆ ಬಂದು ಜಗಳವಾಡುತ್ತಿದ್ದೆ, ಯಾವ ಹಲ್ಕಟ್ ಇದನ್ನು ಕಲಿಸಿಕೊಟ್ಟನೋ, ಸಿಕ್ಕರೆ ಅವನ ಕೈ ಮುರಿಯುತ್ತೇನೆ ಎನ್ನುತ್ತಿದ್ದೆ. ಶಿವದೇವಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತ, "ಹೋಗ್ಲಿ ಬಿಡ್ರಿ. ಕೈ ಐತಿ, ಬಡೀತಾರ" ಎನ್ನುತ್ತಿದ್ದಳು. ಅವಳು ಮುಖ ಎತ್ತುತ್ತಿರಲಿಲ್ಲ.

ತಂಡ ಹೇಗೆ ಹೋಯಿತು ಎಂದು ಈಗಲೂ ನನಗೆ ಪೂರ್ತಿ ಗೊತ್ತಿಲ್ಲ. ಮಾಲೀಕರ ಪೈಪು ಕಾರ್ಖಾನೆ ಮಾರಾಟವಾಯಿತು. ಒಂದು ಬೇಸಿಗೆಯಲ್ಲಿ ಆಟಗಾರರು ಊರಿಗೆ ಹೋದವರು ತಿರುಗಿ ಬರಲಿಲ್ಲ, ನೀಲಿ ಬಸ್ಸನ್ನು ಯಾರೋ ಶಾಲೆಯವರು ಕೊಂಡು ಹಳದಿ ಬಳಿದರು. ನನಗೆ ಬರಬೇಡಿ ಎಂದೂ ಯಾರೂ ಹೇಳಲಿಲ್ಲ. ಜೂನ್ ಕಳೆಯಿತು, ಜುಲೈ ಕಳೆಯಿತು, ಕರೆಯಲಿಲ್ಲ. ಅಷ್ಟು ಜನರ ಮುಂದೆ ಅಷ್ಟು ವರ್ಷ ಕೂಗಿದವನಿಗೆ ಒಂದು ಫೋನು ಮಾಡಿ ಮುಗಿಯಿತು ಎನ್ನುವ ಸೌಜನ್ಯ ಒಬ್ಬನಿಗೂ ಇರಲಿಲ್ಲ. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಶಿವದೇವಿಗೆ ಮಾತ್ರ ತಂಡ ಇದ್ದರೇನು, ಬಿಟ್ಟರೇನು. ಕಲ್ಲು ನೆಟ್ಟ ಮೇಲೆ ಅದು ಅವಳ ಹೊಲ. ಪ್ರತಿವರ್ಷ ಮಾಲಿಯ ಕೈಗೊಂದು ಹೋಳಿಗೆ ಕೊಟ್ಟು ಗೇಟು ತೆಗೆಸುತ್ತಿದ್ದಳು. ಖಾಲಿ ಸ್ಟೇಡಿಯಮ್ಮಿನಲ್ಲಿ ನಾವಿಬ್ಬರೇ. ನಾನು ಮುಂದೆ ಕೂಗುತ್ತ ಚೆಲ್ಲುವುದು, ಅವಳು ಹಿಂದೆ ಓಗೊಡುತ್ತ ನೀರು ಚಿಮುಕಿಸುವುದು. ಓಗೊಟ್ಟ ಮೇಲೆ ತಂಬಿಗೆಗೆ ಬಳೆಯಿಂದ ಮೂರು ಸಲ ತಟ್ಟುತ್ತಿದ್ದಳು. ನೀನೂ ಕೆಟ್ಟೆಯಾ ಎಂದು ನಾನು ತಿರುಗಿ ಕಣ್ಣು ಬಿಟ್ಟರೆ, "ರೂಢಿ ಆಗೇತ್ರಿ" ಎಂದು ನಗುತ್ತಿದ್ದಳು.

ಹೋದ ಶ್ರಾವಣದಲ್ಲಿ ಅವಳು ತೀರಿಕೊಂಡಳು. ಹೃದಯದ ತೊಂದರೆ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಮಗಳ ಬಗ್ಗೆ, ಮೊಮ್ಮಗಳು ಪಿಂಕಿಯ ಬಗ್ಗೆ ಮಾತನಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಈ ಸಲ ನನ್ನ ಕೈಲೆ ಆಗಂಗಿಲ್ರಿ. ಚರಗ ಮಾತ್ರ ಬಿಡಬ್ಯಾಡ್ರಿ. ಯಾರಾರ ಓಗೊಡ್ತಾರ" ಎಂದಳು. ಅಮಾವಾಸ್ಯೆ ಇನ್ನೂ ಎಷ್ಟು ದೂರ ಇದೆ, ಈಗೇಕೆ ಆ ಮಾತು ಎಂದು ನಾನು ಗದರಿದೆ. ಅದೇ ನಮ್ಮ ಕೊನೆಯ ಮಾತಾಯಿತು.

ಈಗ ಸ್ಟೇಡಿಯಂ ಜಾಗವನ್ನು ಯಾವುದೋ ಕಂಪನಿ ಕೊಂಡಿದೆ. ಗೋಡೌನ್ ಕಟ್ಟುತ್ತಾರಂತೆ, ಸಂಕ್ರಾಂತಿ ಮುಗಿದ ಕೂಡಲೇ ಜೆಸಿಬಿ ಬಂದು ನೆಲ ಅಗೆಯುತ್ತದಂತೆ. ಅಂದರೆ ಈ ಎಳ್ಳ ಅಮಾವಾಸ್ಯೆಯೇ ಕೊನೆಯದು. ಬುಟ್ಟಿ ಹೊರಬಲ್ಲೆ, ಕೂಗಬಲ್ಲೆ. ಓಗೊಡುವವರನ್ನು ಎಲ್ಲಿಂದ ತರಲಿ?

ಮಗಳು ವಿಜಯಶ್ರೀ ಬೇಗಂಪೇಟೆಯ ಒಂದು ಆಫೀಸಿನಲ್ಲಿ ಕೆಲಸ ಮಾಡುತ್ತಾಳೆ, ಮನೆಯೂ ಅಲ್ಲೇ. ಒಳ್ಳೆಯ ಹುಡುಗಿ, ಸಿಟ್ಟು ಮಾತ್ರ ನನ್ನದೇ. ಅಮಾವಾಸ್ಯೆಯ ಹಿಂದಿನ ಸಂಜೆ ಭಜ್ಜಿ ಮಾಡಿ ಡಬ್ಬಿಯಲ್ಲಿ ತಂದಳು. ಅವ್ವ ಹೋಗಿ ವರ್ಷವಾಗಿಲ್ಲ, ಹಬ್ಬ ಮಾಡಬಾರದು ಎಂದು ಶುರು ಮಾಡಿದಳು. ಇದು ಹಬ್ಬವಲ್ಲ, ನಿಮ್ಮವ್ವನ ಹುಕುಂ ಎಂದೆ. ನಾಳೆ ನೀನು ಬಾ ಎಂದೆ. ಆಫೀಸಿನಲ್ಲಿ ಆಡಿಟ್ ನಡೆದಿದೆ, ಅರ್ಧ ಗಂಟೆಯೂ ಬಿಡುವುದಿಲ್ಲ ಎಂದಳು. ಪಿಂಕಿಯನ್ನು ಕಳಿಸು ಎಂದೆ. ಅವಳಿಗೆ ಪರೀಕ್ಷೆ, ಅಲ್ಲದೆ ಅವಳಿಗೆ ಕನ್ನಡದ ನಾಲ್ಕು ಮಾತು ಬರುವುದಿಲ್ಲ ಎಂದಳು. ಆಮೇಲೆ ನನ್ನ ಮುಖ ನೋಡಿ ಕನಿಕರವಾಯಿತೋ ಏನೋ, ಸ್ಪೀಕರ್ ಹಾಕಿ ಫೋನು ಮಾಡಪ್ಪಾ, ನಾನು ಆಫೀಸಿನ ಮೆಟ್ಟಿಲ ಮೇಲೆ ನಿಂತು ಓಗೊಡುತ್ತೇನೆ ಎಂದಳು. ಚರಗವನ್ನು ಫೋನಿನಲ್ಲಿ ಚೆಲ್ಲುತ್ತಾರೇನು, ನಾಳೆ ಊಟವನ್ನೂ ಫೋನಿನಲ್ಲೇ ಹಾಕು ಎಂದು ಹೇಳಿಬಿಟ್ಟೆ. ಅವಳು ಡಬ್ಬಿ ಇಟ್ಟು ಹೋದಳು. ಮೆಟ್ಟಿಲು ಇಳಿಯುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ನನಗೆ ಕಂಡಿತು. ಕೂಗಿ ಕರೆಯಬೇಕು ಎನ್ನಿಸಿತು. ಇಷ್ಟು ದೊಡ್ಡ ದನಿ ಇಟ್ಟುಕೊಂಡು ಕರೆಯಲಿಲ್ಲ.

ಬೆಳಿಗ್ಗೆ ಎದ್ದು ಸಜ್ಜೆ ಕಡಬು ಮಾಡಲು ಕೂತೆ. ಸಜ್ಜೆ ಯಾವುದು ಹೊಸದು, ಯಾವುದು ಹಳೆಯದು ಎಂದು ಕಣ್ಣು ಮುಚ್ಚಿ ಮೂಸಿ ಹೇಳಬಲ್ಲ ನನಗೆ ಅದರ ಹಿಟ್ಟು ನಾದಲು ಬರಲಿಲ್ಲ. ಕಡಬು ಎಲ್ಲ ಒಡೆದವು. ಹೇಗೂ ಕಲಸಿ ಚೆಲ್ಲುವುದು ತಾನೇ ಎಂದು ಬುಟ್ಟಿಗೆ ಹಾಕಿದೆ. ಭಜ್ಜಿ ಹಾಕಿದೆ, ಅಂಗಡಿಯಿಂದ ತಂದ ಹೋಳಿಗೆ ಹಾಕಿದೆ. ಹಿತ್ತಾಳೆ ತಂಬಿಗೆಯನ್ನು ಹುಣಸೆಹಣ್ಣಿನಿಂದ ತಿಕ್ಕಿ ನೀರು ತುಂಬಿದೆ. ಒಂದು ಕೈಯಲ್ಲಿ ಬುಟ್ಟಿ, ಒಂದು ಕೈಯಲ್ಲಿ ತಂಬಿಗೆ ಹಿಡಿದು ರಸ್ತೆಯಲ್ಲಿ ನಡೆದೆ. ಎರಡನ್ನೂ ನಾನೇ ಹಿಡಿದದ್ದು ಅದೇ ಮೊದಲು.

ಗೇಟಿನಲ್ಲಿ ಮಾಲಿ ಇರಲಿಲ್ಲ. ಹೊಸ ವಾಚ್‌ಮನ್ ಕೂತಿದ್ದ, ನಲವತ್ತರ ಆಸುಪಾಸಿನವನು, ಅಂಗಿಯ ಮೇಲೆ ಹನುಮಂತ ಎಂದು ಹೆಸರಿನ ಪಟ್ಟಿ. ಒಳಗೆ ಯಾರನ್ನೂ ಬಿಡುವ ಹಾಗಿಲ್ಲ ಎಂದು ತೆಲುಗಿನಲ್ಲಿ ಹೇಳಿದ. ನಾನೂ ತೆಲುಗಿನಲ್ಲೇ ಜಗಳಕ್ಕೆ ನಿಂತೆ. ಈ ಗೇಟು ಹಾಕುವ ಮೊದಲಿನಿಂದ ನಾನು ಇಲ್ಲಿಗೆ ಬರುತ್ತಿದ್ದೇನೆ ಎಂದೆ. ಕಂಪನಿಯವರಿಗೆ ಹೇಳಿ ಸಾರ್ ಎಂದ. ನನ್ನ ಹೆಂಡತಿ ಸತ್ತಿದ್ದಾಳೆ, ಅವಳ ಮಾತು ಉಳಿಸಬೇಕು ಎಂದು ಹೇಳಬಹುದಿತ್ತು. ಅವನು ಬುಟ್ಟಿಯೊಳಗೆ ಇಣುಕಿ, ಪೂಜೆಯೇ ಎಂದು ಕೇಳಿದ. ಹೌದಪ್ಪಾ ಪೂಜೆ ಎಂದೆ. ಪೂಜೆ ಎಂದ ಮೇಲೆ ಬೇಡ ಎನ್ನಲು ಅವನಿಗೂ ಮನಸ್ಸಾಗಲಿಲ್ಲ, ಬೇಗ ಮುಗಿಸಿ ಎಂದು ಸಣ್ಣ ಬಾಗಿಲು ತೆಗೆದ. ನೀನೂ ಬಾ, ಹಿಂದೆ ನೀರು ಚಿಮುಕಿಸುತ್ತ ಬಂದರೆ ಸಾಕು ಎಂದೆ. ಅವನು ಕಂಬದ ಮೇಲಿನ ಕ್ಯಾಮೆರಾ ತೋರಿಸಿದ. ಗೇಟು ಬಿಟ್ಟು ಅಲುಗಿದರೆ ಕೆಲಸ ಹೋಗುತ್ತದೆ ಎಂದ.

ಒಳಗೆ ಹೋದೆ. ಒಂದು ಗೋಲಿನ ಕಂಬಗಳನ್ನು ಯಾರೋ ಕಬ್ಬಿಣಕ್ಕಾಗಿ ಕೊಯ್ದುಕೊಂಡು ಹೋಗಿದ್ದರು. ಹುಲ್ಲು ಮೊಣಕಾಲೆತ್ತರ ಬೆಳೆದು ಒಣಗಿತ್ತು. ಮೈಕಿನ ಕೋಣೆಗೆ ಗಾಜಿರಲಿಲ್ಲ, ಪಾರಿವಾಳಗಳು ಹೋಗಿ ಬರುತ್ತಿದ್ದವು. ಜಿ ಸ್ಟ್ಯಾಂಡಿನ ಮೆಟ್ಟಿಲ ತುಂಬ ಫಂಕ್ಷನ್ ಹಾಲಿನವರು ಕೆಂಪು ಪ್ಲಾಸ್ಟಿಕ್ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಆ ಸ್ಟ್ಯಾಂಡಿಗೆ ಕೊನೆಗೂ ಕುರ್ಚಿ ಬಂದಿತ್ತು, ಕೂರುವವರಿರಲಿಲ್ಲ. ಗೋಲಿನ ಹಿಂದೆ ಹುಲ್ಲು ಸರಿಸಿ ಹುಡುಕಿದೆ. ಐದೂ ಕಲ್ಲು ಇದ್ದವು. ಹೋದ ವರ್ಷ ಅವಳು ಬಳಿದ ಸುಣ್ಣ ಬುಡದಲ್ಲಿ ಇನ್ನೂ ಸ್ವಲ್ಪ ಹಿಡಿದಿತ್ತು.

ಪೂಜೆ ಮುಗಿಸಿದೆ. ತಂಬಿಗೆಯನ್ನು ಕಲ್ಲುಗಳ ಹತ್ತಿರವೇ ಬಿಟ್ಟು ಬುಟ್ಟಿ ಎತ್ತಿಕೊಂಡೆ. ನಾಲ್ಕು ಹೆಜ್ಜೆ ನಡೆದು ಮುಷ್ಟಿ ತುಂಬ ಚೆಲ್ಲಿ ಕೂಗಿದೆ. ಏನೂ ಇಲ್ಲ. ಇನ್ನಷ್ಟು ನಡೆದು ಇನ್ನೊಮ್ಮೆ ಕೂಗಿದೆ. ಪಾರಿವಾಳಗಳು ಎದ್ದು ಮತ್ತೆ ಕೂತವು. ಎದುರಿನ ಸಿಮೆಂಟಿಗೆ ಬಡಿದು ನನ್ನ ದನಿಯೇ ತಿರುಗಿ ಬಂತು, ನಾನು ಕೂಗಿದ್ದನ್ನೇ ನನಗೆ ಹೇಳಿತು.

ಮಾನ ಮರ್ಯಾದೆ ಬದಿಗಿಟ್ಟು ಮೊಬೈಲ್ ತೆಗೆದು ವಿಜಯಶ್ರೀಗೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಆಡಿಟ್ಟಿನಲ್ಲಿ ಕೂತಿದ್ದಾಳೆ, ಪಾಪ. ನಿನ್ನೆ ಹೂಂ ಎಂದಿದ್ದರೆ ಫೋನು ಕೈಯಲ್ಲಿ ಹಿಡಿದೇ ಕಾಯುತ್ತಿದ್ದಳು. ನನ್ನ ನಾಲಿಗೆಯೇ ನನಗೆ ಶನಿ. ನಾನೇ ಓಗೊಟ್ಟುಬಿಡಲೇ, ಇಲ್ಲಿ ನೋಡುವವರು ಯಾರಿದ್ದಾರೆ ಎಂದುಕೊಂಡು ಬಾಯಿಯನ್ನೂ ತೆರೆದೆ. ಆಗಲಿಲ್ಲ. ಆ ಅರ್ಧ ಅವಳದು. ಅದನ್ನು ನಾನು ಹೇಳಿದರೆ ಅವಳು ಇಲ್ಲ ಎಂದು ನಾನೇ ಸಾರಿದಂತೆ ಎನ್ನಿಸಿತು.

ಆ ಒಣ ಹುಲ್ಲಿನಲ್ಲಿ ಕುಕ್ಕುರು ಕೂತು ಅತ್ತೆ. ಅವಳು ಸತ್ತ ದಿನ ಮಂದಿ ತುಂಬಿದ್ದರು, ಅಳು ಬಂದಿರಲಿಲ್ಲ. ಅತ್ತು ಮುಗಿದ ಮೇಲೆ ನನ್ನ ಹಳೆಯ ಗೆಳೆಯ ಸಿಟ್ಟು ಬಂತು. ಆ ಕುರ್ಚಿಗಳ ಮೇಲೆ ಸಿಟ್ಟು ಬಂತು. ಹೇಳದೆ ಕೇಳದೆ ಹೋದ ತಂಡದ ಮೇಲೆ, ಹೇಳಿ ಕೇಳಿಯೇ ಹೋದ ಹೆಂಡತಿಯ ಮೇಲೆ. ಯಾರಾರ ಓಗೊಡ್ತಾರ ಅಂದೆಯಲ್ಲ, ಎಲ್ಲಿದ್ದಾರೆ ತೋರಿಸು. ಎದ್ದು ನಿಂತು, ಗೋಲು ಬಿದ್ದಾಗ ಮೈಕಿನಲ್ಲಿ ಹೇಗೆ ಕೊನೆಯನ್ನು ಎಳೆದು ಎಳೆದು ಕೂಗುತ್ತಿದ್ದೆನೋ ಹಾಗೆ, ಎದೆ ಬಿರಿಯುವ ಹಾಗೆ ಕೂಗಿದೆ.

"ಹುಲ್ಲುಲ್ಲಿಗೋ…"

ದನಿ ಹೋಗಿ ಬಡಿದು ತಿರುಗಿ ಬಂದು ಸತ್ತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಗೇಟಿನ ಕಡೆಯಿಂದ ಗಂಡಸಿನ ಒಡಕು ದನಿ ಬಂತು.

"ಚಲ್ಲಾಂಬ್ರಿಗೋ…"

ಅದರ ಹಿಂದೆಯೇ ಟಪ್, ಟಪ್, ಟಪ್.

ಕಿವಿ ನಂಬಲಿಲ್ಲ. ಇನ್ನೊಂದು ಮುಷ್ಟಿ ಚೆಲ್ಲಿ ಕೂಗಿದೆ. ಮತ್ತೆ ಅಷ್ಟೇ ಹೊತ್ತು ಸುಮ್ಮನಿದ್ದು ಮತ್ತೆ ಓಗೊಟ್ಟ, ಮತ್ತೆ ಚಪ್ಪಾಳೆ. ಬಾಗಿಲ ಕಂಬ ಅಡ್ಡವಿದ್ದುದರಿಂದ ಅವನು ಕಾಣುತ್ತಿರಲಿಲ್ಲ. ನಾನು ಮೈದಾನ ಸುತ್ತಿದೆ. ಕೂಗಿದಾಗಲೆಲ್ಲ ಓಗೊಟ್ಟ, ಒಂದು ಸಲವೂ ತಪ್ಪಿಸಲಿಲ್ಲ. ಅಳುತ್ತಲೇ ಇದ್ದೆ, ನಡುವೆ ಆ ಚಪ್ಪಾಳೆಗೆ ಹಲ್ಲೂ ಕಡಿಯುತ್ತಿದ್ದೆ. ಬುಟ್ಟಿ ಖಾಲಿಯಾಯಿತು. ತಂಬಿಗೆಯ ನೀರು ಮಾತ್ರ ಕಲ್ಲುಗಳ ಹತ್ತಿರ ಹಾಗೇ ಇತ್ತು.

ಮುಖ ಒರೆಸಿಕೊಂಡು ಗೇಟಿಗೆ ಬಂದೆ. ಹನುಮಂತ ಎದ್ದು ನಿಂತಿದ್ದ. ಬೆಳಿಗ್ಗೆ ನನ್ನನ್ನು ತಡೆದವನು ಇವನೇನಾ ಎನ್ನುವ ಹಾಗೆ ಮುಖ ಅರಳಿತ್ತು.

"ಮೈಕ್ ಸಾರ್ ಮೀರೇನಾ?" ಎಂದ.

ಹೌದು, ಆ ಮೈಕಿನವನು ನಾನೇ ಎಂದೆ. ಮೈಕಿನಲ್ಲಿ ಎಳೆದ ಹಾಗೆ ದನಿ ಎಳೆದಿರಲ್ಲ, ಆಗ ಗೊತ್ತಾಯಿತು ಸಾರ್, ನಿಮ್ಮ ಮುಖವನ್ನು ಆಗ ಯಾರು ನೋಡಿದ್ದರು ಎಂದ. ಆಗ ಪಕ್ಕದ ಶೆಡ್ಡಿನ ಕೆಲಸಕ್ಕೆ ಮಹಬೂಬ್‌ನಗರದಿಂದ ಬಂದಿದ್ದನಂತೆ, ಪ್ರತಿ ಭಾನುವಾರ ಜಿ ಸ್ಟ್ಯಾಂಡ್ ಅವನದು. ಇದು ಪೂಜೆ ಎಂದಿರಿ, ನೋಡಿದರೆ ನಮ್ಮ ರೋವರ್ಸ್ ಕೂಗು ಎಂದು ನಕ್ಕ. ಮಾಲಿಗೆಂದು ಕಟ್ಟಿ ಜೇಬಿನಲ್ಲಿಟ್ಟುಕೊಂಡಿದ್ದ ಹೋಳಿಗೆಯನ್ನು ಅವನ ಕೈಗೆ ಕೊಟ್ಟೆ. ಓಗೊಟ್ಟು ದೊಡ್ಡ ಉಪಕಾರ ಮಾಡಿದೆಯಪ್ಪಾ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಅದು ನಾನಲ್ಲ. ಕೂಗಿದ ಮೇಲೆ ಅಷ್ಟು ಹೊತ್ತು ಯಾಕೆ ಸುಮ್ಮನಿರುತ್ತಿದ್ದೆ, ಆ ದರಿದ್ರ ಚಪ್ಪಾಳೆಯೊಂದು ಯಾಕೆ ಎಂದು ಕೇಳಿದೆ.

ಅವನು ಹೋಳಿಗೆ ಮುರಿಯುತ್ತಿದ್ದವನು ಕೈ ನಿಲ್ಲಿಸಿದ. ಜಿ ಸ್ಟ್ಯಾಂಡಿನ ಪದ್ಧತಿಯೇ ಅದು ಸಾರ್ ಎಂದ. ಅವನು ತೆಲುಗಿನಲ್ಲಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ.

"ನಾವು ಅಮ್ಮನಿಗೆ ಕಾಯ್ತಿದ್ವಿ ಸಾರ್. ನಡು ಮೆಟ್ಟಿಲ ಮೇಲೆ ಒಬ್ಬ ಕನ್ನಡದ ಅಮ್ಮ ಕೂರೋರು, ರೊಟ್ಟಿ ಗಂಟು ಇಟ್ಕೊಂಡು. ನಮಗೆಲ್ಲ ರೊಟ್ಟಿ ಕೊಡೋರು. ಮೊದಲ ದಿನ ನೀವು ಮೈಕಿನಲ್ಲಿ ಕೂಗಿದಾಗ ಯಾರಿಗೂ ಏನೂ ತಿಳೀಲಿಲ್ಲ. ಆ ಅಮ್ಮ ಒಬ್ಬರೇ ಎದ್ದು ನಿಂತು ಕೂಗಿದ್ರು, ಆಮೇಲೆ ನಿಮ್ಮ ಕಡೆಯ ಜನ ಎಲ್ಲ ಎದ್ದರು. ಅವತ್ತಿನಿಂದ ಹಾಗೇ. ನಿಮ್ಮ ದನಿ ಪೂರ್ತಿ ನಿಲ್ಲೋವರೆಗೂ ಬಿಡೋರು, ನಡುವೆ ಯಾರಾದ್ರೂ ಬಾಯಿ ಹಾಕಿದ್ರೆ ಬೈಯೋರು. ಆಮೇಲೆ ಅಮ್ಮ ಶುರು ಮಾಡೋರು, ನಾವು ಹಿಂದೆ. ಚಪ್ಪಾಳೆನೂ ಅಮ್ಮಂದೇ. ರೊಟ್ಟಿ ಬಡಿದ ಹಾಗೆ ಬಡೀರೋ ಅಂತ ಹೇಳಿಕೊಟ್ಟೋರು ಅವರೇ."

ಇಷ್ಟು ವರ್ಷ ಇಡೀ ಸ್ಟೇಡಿಯಂ ನನಗೆ ಓಗೊಟ್ಟಿತು ಎಂದುಕೊಂಡಿದ್ದೆ. ಮನೆಗೆ ಬಂದು ಚಪ್ಪಾಳೆ ಕಲಿಸಿದವನ ಕೈ ಮುರಿಯುತ್ತೇನೆ ಎಂದು ಹಾರಾಡುತ್ತಿದ್ದೆ, ಅವಳು ರೊಟ್ಟಿ ಬಡಿಯುತ್ತಿದ್ದಳು. ಒಂದು ದಿನ, ಒಂದೇ ಒಂದು ದಿನ ಹೇಳಬಾರದಿತ್ತೇ? ಹೇಳಲಿಲ್ಲ, ಕಳ್ಳಿ. ನನಗೆ ನಗು ಬಂತು. ನಗು ಬಂದದ್ದು ಎಲ್ಲೋ ಹೋಗಿ ಮತ್ತೆ ಅಳುವಾಯಿತು.

ಹನುಮಂತ ಗಾಬರಿಯಾಗಿ, ಏನಾಯಿತು ಸಾರ್, ಆ ಅಮ್ಮ ನಿಮಗೆ ಗೊತ್ತೇ, ಈಗ ಎಲ್ಲಿದ್ದಾರೆ ಎಂದು ಕೇಳಿದ. ನಮ್ಮ ಮನೆಯವಳೇ ಎಂದೆ. ಅವನು ಹೋಳಿಗೆಯನ್ನು ಕುರ್ಚಿಯ ಮೇಲಿಟ್ಟು ಎರಡೂ ಕೈ ಜೋಡಿಸಿದ. ಅಮ್ಮನನ್ನು ಕೇಳಿದೆ ಎಂದು ಹೇಳಿ, ರೋವರ್ಸ್ ಹನುಮ ಎಂದರೆ ಗೊತ್ತಾಗುತ್ತದೆ ಎಂದ. ಹೇಳುತ್ತೇನೆ ಎಂದೆ.

ಆಮೇಲೆ ಅವನನ್ನು ಕೇಳಿದೆ, ಮೈಕಿನವನ ಅರ್ಧ ಕೂಗಲು ನಿನಗೆ ಬರುತ್ತದೆಯೇ ಎಂದು. ಜಿ ಸ್ಟ್ಯಾಂಡಿನಲ್ಲಿ ನಿಮ್ಮನ್ನು ಅಣಕಿಸದೆ ಇದ್ದವರು ಯಾರು ಸಾರ್ ಎಂದ. ಹಾಗಾದರೆ ಇಲ್ಲೇ ನಿಂತು ಕೂಗು, ಕೊನೆಯಲ್ಲಿ ಎಳೆಯುವುದನ್ನು ಮರೆಯಬೇಡ ಎಂದು ಹೇಳಿ ಮತ್ತೆ ಒಳಗೆ ಹೋದೆ. ಕಲ್ಲುಗಳ ಹತ್ತಿರ ತಂಬಿಗೆ ಎತ್ತಿಕೊಂಡು, ನಾನು ಚೆಲ್ಲಿದ ಚರಗದ ಜಾಡಿನಲ್ಲಿ ನೀರು ಚಿಮುಕಿಸುತ್ತ ಹೊರಟೆ. ಜಿ ಸ್ಟ್ಯಾಂಡಿನ ಮುಂದೆ ಬಂದಾಗ ಗೇಟಿನಿಂದ ಅವನ ಕೂಗು ಬಂತು. ನನ್ನ ಹಾಗೆಯೇ ಎಳೆದ, ಕತ್ತೆ. ಆ ಕೂಗು ಪೂರ್ತಿ ನಿಲ್ಲುವವರೆಗೂ ಕಾದೆ. ಕಾಯುವುದು ಎಷ್ಟು ಕಷ್ಟ ಎಂದು ಆಗ ಗೊತ್ತಾಯಿತು. ಆಮೇಲೆ ಅವಳ ಅರ್ಧವನ್ನು ಗಟ್ಟಿಯಾಗಿ ಹೇಳಿ, ತಂಬಿಗೆಯನ್ನು ನೆಲದ ಮೇಲಿಟ್ಟು, ಮೂರು ಸಲ ಚಪ್ಪಾಳೆ ತಟ್ಟಿದೆ.